ಲಿಯಾನ್‌ನಿಂದ ಅವಿನ್ಯೋನ್‌ಗೆ: ಕಾರಿನಲ್ಲಿ ಒಂದು ಹಗಲಿನ ದಾರಿ

ಫ್ರಾನ್ಸಿನ ಲಿಯಾನ್‌ನಿಂದ ಅವಿನ್ಯೋನ್‌ಗೆ ಎ7 ಹೆದ್ದಾರಿಯಲ್ಲಿ ಸುಮಾರು 230 ಕಿ.ಮೀ. ಎಲ್ಲೂ ನಿಲ್ಲದಿದ್ದರೆ ಎರಡೂವರೆ ಗಂಟೆ ಸಾಕು. ಹಾಗೆ ಹೋಗುವುದಾದರೆ ರೈಲೇ ಮೇಲು. ಟಿಜಿವಿ ಎಂಬ ಅತಿವೇಗದ ರೈಲು ಗಂಟೆ ಚಿಲ್ಲರೆಯಲ್ಲಿ ಮುಟ್ಟಿಸುತ್ತದೆ. ಕಾರು ಹಿಡಿದ ಮೇಲೆ ಇಡೀ ಹಗಲನ್ನು ರೋನ್ ನದಿಯ ಕಣಿವೆಗೇ ಕೊಡಿ: ಬೆಳಗ್ಗೆ ವಿಯೆನ್, ಊಟಕ್ಕೆ ತಾಂ-ಲೆರ್ಮಿತಾಜ್, ಇಳಿಹೊತ್ತಿಗೆ ಒರಾಂಜ್. ನಾಲ್ಕನೆಯ ಊರು ಸೇರಿಸಿದರೆ ಮೂರನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ.

ಜುಲೈ, ಆಗಸ್ಟ್ ತಿಂಗಳ ಶನಿವಾರಗಳನ್ನು ಬಿಟ್ಟುಬಿಡಿ. ಅರ್ಧ ಫ್ರಾನ್ಸ್ ಅಂದು ಇದೇ ರಸ್ತೆಯಲ್ಲಿ ದಕ್ಷಿಣಕ್ಕೆ ಹೊರಟಿರುತ್ತದೆ. ಸರ್ಕಾರದ 'ಬಿಸೋಂ ಫ್ಯೂತೆ' ಜಾಲತಾಣ ಪ್ರತಿ ದಿನದ ದಟ್ಟಣೆಗೆ ಬಣ್ಣ ಕೊಟ್ಟಿರುತ್ತದೆ: ಹಸಿರು, ಕಿತ್ತಳೆ, ಕೆಂಪು, ಕಪ್ಪು. ಕೆಂಪು ಇಲ್ಲವೇ ಕಪ್ಪು ಕಂಡರೆ ದಿನವನ್ನೇ ಬದಲಿಸಿ.

ಕಾರು ಬುಕ್ ಮಾಡುವಾಗ ಆಟೋಮ್ಯಾಟಿಕ್ ಬೇಕೆಂದು ಮೊದಲೇ ಹೇಳಬೇಕು; ಇಲ್ಲವಾದರೆ ಗೇರಿನ ಕಾರು ಸಿಗುವ ಸಂಭವವೇ ಹೆಚ್ಚು. ಮೂಲ ಲೈಸೆನ್ಸ್ ಜೊತೆಗೆ ಅಂತಾರಾಷ್ಟ್ರೀಯ ಪರ್ಮಿಟ್ ಕೂಡ ಇಟ್ಟುಕೊಳ್ಳಿ. ಕೀ ಕೈಗೆ ಬಂದ ಮೇಲೆ ಅಲ್ಲೇ ಐದು ನಿಮಿಷ ಕುಳಿತು ಕೈಗೆ ಅಭ್ಯಾಸ ಮಾಡಿಸಿ. ಇಂಡಿಕೇಟರ್ ಎಡಗಡೆಯ ಕಡ್ಡಿಯಲ್ಲಿರುತ್ತದೆ, ಬಲಗಡೆಯದು ವೈಪರ್. ಮೊದಲ ತಿರುವಿನಲ್ಲೇ ಒಣ ಗಾಜಿನ ಮೇಲೆ ವೈಪರ್ ಓಡುವುದು, ಹಿಂದಿನವರಿಗೆ ಸೂಚನೆ ಸಿಗದೇ ಹೋಗುವುದು, ಇದರಿಂದಲೇ. ಕಾರು ಕೆಟ್ಟು ರಸ್ತೆಗಿಳಿಯುವಾಗ ತೊಡುವ ಹಳದಿ ಜಾಕೆಟ್ ಸೀಟಿನ ಹತ್ತಿರ, ಕೈಗೆಟಕುವಲ್ಲಿ ಇರಬೇಕು. ಡಿಕ್ಕಿಯಲ್ಲಿದ್ದರೆ ಅದನ್ನು ತೆಗೆಯಲು ಜಾಕೆಟ್ ಇಲ್ಲದೆಯೇ ಹೆದ್ದಾರಿಗೆ ಇಳಿಯಬೇಕಾಗುತ್ತದೆ.

ಜಿಪಿಎಸ್‌ನಲ್ಲಿ 'ವಿಯೆನ್' ಎಂದಷ್ಟೇ ಒತ್ತಬೇಡಿ. ಆಸ್ಟ್ರಿಯಾದ ರಾಜಧಾನಿಗೂ ಫ್ರೆಂಚರು ಇದೇ ಹೆಸರು ಹೇಳುತ್ತಾರೆ. ಪಿನ್‌ಕೋಡ್ 38200 ಸೇರಿಸಿ. ಎಂಟೂವರೆಗೆ ಹೊರಟು 'ಮಾರ್ಸೇಯ್' ಎಂಬ ಫಲಕ ಹಿಡಿದು ದಕ್ಷಿಣಕ್ಕೆ ಹೋಗಿ. ನಗರದೊಳಗಿನ ಎಂ7 ರಸ್ತೆಯಲ್ಲಿ ಮಿತಿ ಗಂಟೆಗೆ 70 ಕಿ.ಮೀ. ಮುಂದೆ ಎ47 ಬಲಕ್ಕೆ ಸೆಂತ್-ಎತಿಯೆನ್ ಕಡೆ ಸೀಳಿಕೊಳ್ಳುತ್ತದೆ, ಅತ್ತ ಜಾರದಿರಿ. ವಿಯೆನ್‌ನಲ್ಲಿ ಆಗಸ್ಟಸ್ ಮತ್ತು ಲಿವಿಯಾ ಹೆಸರಿನ ರೋಮನ್ ದೇವಾಲಯ ಪೇಟೆಯ ಚೌಕದ ನಡುವೆ ಇಡಿಯಾಗಿ ನಿಂತಿದೆ. ಒಂದು ಗಂಟೆ ಸಾಕು.

ವಿಯೆನ್ ದಾಟಿದ ಮೇಲೆ ಟೋಲ್ ಶುರು. ಇಲ್ಲಿ ಟಿಕೆಟ್ ತೆಗೆದುಕೊಂಡು, ಹೆದ್ದಾರಿ ಬಿಡುವ ಕಡೆ ಹಣ ಕಟ್ಟುವುದು. ಟಿಕೆಟ್ ಕಳೆದುಹೋದರೆ ಆ ಗೇಟಿಗೆ ಬರುವ ಅತಿ ಉದ್ದದ ದಾರಿಯ ದರ ಬೀಳುತ್ತದೆ. ಸಾಲು ಆರಿಸುವಾಗ ಮೇಲಿನ ಗುರುತು ನೋಡಿ: ಹಸಿರು ಬಾಣದ ಸಾಲು ಎಲ್ಲರಿಗೂ, ಕಾರ್ಡ್ ಚಿತ್ರವಿದ್ದದ್ದು ಕಾರ್ಡಿಗೆ, ಕಿತ್ತಳೆ ಬಣ್ಣದ 't' ಒಂದೇ ಇದ್ದರೆ ಅದು ನಮ್ಮ ಫಾಸ್ಟ್ಯಾಗ್‌ನಂಥ ಟೋಲ್ ಬ್ಯಾಡ್ಜ್ ಇದ್ದವರಿಗೆ ಮಾತ್ರ. ತಪ್ಪಿ ಅಲ್ಲಿ ಹೊಕ್ಕರೆ ರಿವರ್ಸ್ ತೆಗೆಯಬೇಡಿ. ಯಂತ್ರದ ಸಹಾಯದ ಬಟನ್ ಒತ್ತಿ ಕಾಯಿರಿ.

ಹೆದ್ದಾರಿಯಲ್ಲಿ ಮಿತಿ 130, ಮಳೆ ಬಂದರೆ 110. ಹಳ್ಳಿ ರಸ್ತೆಯಲ್ಲಿ ಸಾಮಾನ್ಯವಾಗಿ 80. ಕೆಂಪು ಅಂಚಿನ ಫಲಕದಲ್ಲಿ ಊರಿನ ಹೆಸರು ಕಂಡ ಕ್ಷಣದಿಂದ 50. ಬೇರೆ ಅಂಕಿ ಬರೆದಿರಬೇಕೆಂದಿಲ್ಲ, ಆ ಹೆಸರೇ ಮಿತಿ. ಅದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಬಲಗಡೆಯ ಹಕ್ಕಿನ ವಿಷಯದಲ್ಲಿ. ಯಾವ ಫಲಕವೂ ಇಲ್ಲದ ಕೂಡುದಾರಿಯಲ್ಲಿ, ಬಲಗಡೆಯ ಸಣ್ಣ ಗಲ್ಲಿಯಿಂದ ಬರುವವರಿಗೂ ನೀವು ದಾರಿ ಬಿಡಬೇಕು. ಅವರು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಹಳದಿ ವಜ್ರಾಕೃತಿಯ ಫಲಕವಿದ್ದರೆ ಹಕ್ಕು ನಿಮ್ಮದು. ಅದರ ಮೇಲೆ ಕಪ್ಪು ಗೀರು ಎಳೆದಿದ್ದರೆ ಅಲ್ಲಿಗೆ ಮುಗಿಯಿತು.

ತಾಂ-ಲೆರ್ಮಿತಾಜ್‌ಗೆ 13ನೇ ನಿರ್ಗಮನ. ಹನ್ನೆರಡಕ್ಕೆ ಮೊದಲೇ ಸೇರಿಕೊಳ್ಳಿ. ಸಣ್ಣ ಊರುಗಳಲ್ಲಿ ಊಟ ಹನ್ನೆರಡರಿಂದ ಎರಡರವರೆಗೆ ಮಾತ್ರ. ಒಂದೂಮುಕ್ಕಾಲಿಗೆ ಹೋದವರನ್ನು ಅಡುಗೆಮನೆ ಮುಚ್ಚಿತೆಂದು ವಾಪಸ್ ಕಳಿಸುವುದುಂಟು. ಊಟ ಆದ ಮೇಲೆ ನದಿಯ ಮೇಲಿನ ತೂಗುಸೇತುವೆಯಲ್ಲಿ ಆಚೆ ದಡದ ತೂರ್ನೋಂಗೆ ನಡೆದುಹೋಗಿ, ಹಿಂದಿರುಗಿ ನೋಡಿ: ದ್ರಾಕ್ಷಿತೋಟಗಳ ಎರ್ಮಿತಾಜ್ ಗುಡ್ಡ ಪೂರ್ತಿ ಕಾಣುವುದು ಅಲ್ಲಿಂದಲೇ. ವೈನ್ ರುಚಿ ನೋಡುವ ಆಸೆ ಇದ್ದರೆ ಬಾಟಲಿ ಕೊಂಡು ರಾತ್ರಿಗಿಟ್ಟುಕೊಳ್ಳಿ. ಚಾಲಕರ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಲೀಟರಿಗೆ 0.5 ಗ್ರಾಂ.

ಇಂಧನ ಹೆದ್ದಾರಿಯ ಮೇಲೆ ದುಬಾರಿ, ಸೂಪರ್‌ಮಾರ್ಕೆಟ್‌ಗಳ ಬಂಕ್‌ನಲ್ಲಿ ಅಗ್ಗ. 'ಗಝೋಲ್' ಎಂದರೆ ಡೀಸೆಲ್. ಹೆಸರು ಗ್ಯಾಸೊಲಿನ್‌ನಂತೆ ಕೇಳುವುದರಿಂದಲೇ ಪೆಟ್ರೋಲ್ ಕಾರಿಗೆ ಅದನ್ನು ಹಾಕಿಬಿಡುತ್ತಾರೆ. ಪೆಟ್ರೋಲ್‌ಗೆ 'ಇ10' ಅಥವಾ 'ಇ5' ಎಂದು ದುಂಡಗಿನ ಗುರುತು, ಡೀಸೆಲ್‌ಗೆ 'ಬಿ7' ಎಂದು ಚೌಕ. ಟ್ಯಾಂಕ್ ಮುಚ್ಚಳದ ಒಳಗಿನ ಗುರುತಿಗೆ ಹೊಂದಿಸಿ ನೋಡಿ. ತಪ್ಪಿ ಹಾಕಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ.

ವಲಾನ್ಸ್, ಮೊಂತೆಲಿಮಾರ್ ದಾಟಿ 19ನೇ ನಿರ್ಗಮನ ಬೊಲೆನ್‌ನಲ್ಲಿ ಹೆದ್ದಾರಿ ಬಿಡಿ. ಮುಂದೆ ಹಳೆಯ ಎನ್7 ರಸ್ತೆ, ಬಂಡೆಯ ಮೇಲಿನ ಮೋರ್ನಾಸ್ ಕೋಟೆಯ ಕೆಳಗೇ ಹಾದುಹೋಗುತ್ತದೆ. ಇಪ್ಪತ್ತು ನಿಮಿಷ ಹೆಚ್ಚಾದರೂ ಇದೇ ದಾರಿ ಸರಿ, ಏಕೆಂದರೆ ಉತ್ತರದಿಂದ ಹೀಗೆ ಬಂದವರಿಗೆ ಒರಾಂಜ್‌ನಲ್ಲಿ ಮೊದಲು ಎದುರಾಗುವುದೇ ರೋಮನ್ನರ ಕಮಾನು. ರಸ್ತೆ ಅದನ್ನು ಬಳಸಿಕೊಂಡು ಹೋಗುತ್ತದೆ. ಊರೊಳಗಿನ ರಂಗಮಂದಿರದ ಗೋಡೆ 103 ಮೀಟರ್ ಉದ್ದ, 37 ಮೀಟರ್ ಎತ್ತರ. ಕಾರಿನಿಂದ ಇಳಿಯುವಾಗ ಬಾಗಿಲನ್ನು ಕೈಯಲ್ಲಿ ಬಿಗಿಹಿಡಿಯಿರಿ. ಮಿಸ್ತ್ರಾಲ್ ಎಂಬ ಉತ್ತರದ ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ಬಾಗಿಲನ್ನು ಕಿತ್ತುಕೊಂಡು ಮುಂದಕ್ಕೆ ಎಸೆಯುತ್ತದೆ. ಬಗ್ಗಿದ ಕೀಲಿನ ಖರ್ಚು ನಿಮ್ಮದೇ. ನಿಲ್ಲಿಸಿದ ಕಾರಿನಲ್ಲಿ ಚೀಲ ಕಾಣುವಂತೆ ಬಿಡಬೇಡಿ.

ಅಲ್ಲಿಂದ ಅವಿನ್ಯೋನ್ 30 ಕಿ.ಮೀ. ಕೋಟೆಗೋಡೆಯೊಳಗಿನ ಬೀದಿಗಳು ಇಕ್ಕಟ್ಟು. ಕಾರನ್ನು ಗೋಡೆಯ ಹೊರಗೇ ನಿಲ್ಲಿಸಿ ನಡೆಯುವುದು ಲೇಸು. ಕಾರನ್ನು ಅಲ್ಲೇ ಹಿಂದಿರುಗಿಸುವುದಿದ್ದರೆ ಕರಾರುಪತ್ರದಲ್ಲಿ ರೈಲು ನಿಲ್ದಾಣದ ಹೆಸರು ಓದಿಕೊಳ್ಳಿ. 'ಅವಿನ್ಯೋನ್ ಸಾಂತ್ರ್' ಗೋಡೆಯ ಪಕ್ಕದಲ್ಲಿದೆ, 'ಅವಿನ್ಯೋನ್ ಟಿಜಿವಿ' ಊರಿನಾಚೆ ಕೆಲವು ಕಿ.ಮೀ. ದೂರ, ಸಂಜೆಯ ದಟ್ಟಣೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಓಡುವಷ್ಟರಲ್ಲಿ ಕೌಂಟರ್ ಮುಚ್ಚಿರಬಹುದು.