ಮೇಘಾರಣ್ಯದಲ್ಲಿ ಗೈಡ್ ಜೊತೆ ಒಂದು ದಿನದ ಚಾರಣ

ಉಷ್ಣವಲಯದ ಮೇಘಾರಣ್ಯದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಡೆದರೂ ಸಾಗಿದ ದೂರ ನಾಲ್ಕೈದು ಕಿಲೋಮೀಟರ್ ಮೀರದಿರುವುದುಂಟು. ಅದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಸಾಮಾನ್ಯವಾಗಿ ಸಮುದ್ರಮಟ್ಟದಿಂದ 1,000ದಿಂದ 3,000 ಮೀಟರ್ ಎತ್ತರದಲ್ಲಿ, ತೇವ ಹೊತ್ತ ಗಾಳಿ ಬೆಟ್ಟದ ಮೈಯನ್ನೇರುತ್ತ ತಂಪಾಗಿ ಮೋಡಗಟ್ಟುವ ಕಡೆಗಳಲ್ಲಿ ಈ ಕಾಡು ಬೆಳೆಯುತ್ತದೆ. ಮಳೆಯಿಲ್ಲದ ದಿನವೂ ಎಲೆ ಮತ್ತು ಹಾವಸೆಗೆ ತಾಗಿದ ಮಂಜು ಹನಿಗೂಡಿ ತೊಟ್ಟಿಕ್ಕುತ್ತಿರುತ್ತದೆ. ನೋಡಬೇಕಾದದ್ದೆಲ್ಲ ಕೊಂಬೆಗಳ ಮೇಲೋ ಎಲೆಗಳ ಅಡಿಯಲ್ಲೋ ಅಡಗಿರುವುದರಿಂದ, ಒಳ್ಳೆಯ ಗೈಡ್ ಇಲ್ಲದಿದ್ದರೆ ನಿಮಗೆ ಕಾಣುವುದು ಹಸಿರು ಗೋಡೆ ಮಾತ್ರ.

ಆದ್ದರಿಂದ ಮೊದಲ ಎಚ್ಚರ ಗೈಡ್ ಆಯ್ಕೆಯಲ್ಲಿರಲಿ. ಗುಂಪಿನಲ್ಲಿ ಎಷ್ಟು ಜನರಿರುತ್ತಾರೆ, ಮುಕ್ಕಾಲಿಯ ಮೇಲಿಟ್ಟು ನೋಡುವ ದೂರದರ್ಶಕವನ್ನು ಅವರು ತರುತ್ತಾರೆಯೇ, ಹಾದಿಯಲ್ಲಿ ಏರು ಎಷ್ಟಿದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಆರೇಳು ಜನರಿಗಿಂತ ದೊಡ್ಡ ಗುಂಪಾದರೆ ಕಿರಿದಾದ ಕಾಲುಹಾದಿಯಲ್ಲಿ ಹಿಂದಿನವರಿಗೆ ಗೈಡಿನ ಮಾತು ಕೇಳಿಸುವುದೇ ಇಲ್ಲ. ಧ್ವನಿಮುದ್ರಿತ ಕೂಗನ್ನು ಹಾಕಿ ಹಕ್ಕಿಗಳನ್ನು ಕರೆಯುತ್ತೇವೆನ್ನುವವರನ್ನು ಬಿಟ್ಟುಬಿಡುವುದು ಮೇಲು, ಏಕೆಂದರೆ ಗೂಡು ಕಟ್ಟುವ ಕಾಲದಲ್ಲಿ ಹಕ್ಕಿಗಳನ್ನು ಅದು ಸುಮ್ಮನೆ ದಣಿಸುತ್ತದೆ. ಸಮಭಾಜಕದ ಆಸುಪಾಸಿನಲ್ಲಿ ವರ್ಷವಿಡೀ ಸುಮಾರು ಆರು ಗಂಟೆಗೆ ಬೆಳಗಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೋಡ ದಟ್ಟವಾಗುವುದು ಸಾಮಾನ್ಯವಾದ್ದರಿಂದ ಬೆಳಕು ಹರಿಯುತ್ತಲೇ ಹೊರಡುವುದು ಒಳಿತು.

ಉಷ್ಣವಲಯವೆಂದೊಡನೆ ಸೆಕೆಯನ್ನು ನಿರೀಕ್ಷಿಸುವವರು ಇಲ್ಲಿ ನಡುಗುತ್ತಾರೆ. ಪ್ರತಿ 1,000 ಮೀಟರ್ ಏರಿದಂತೆ ಉಷ್ಣಾಂಶ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಮೇಲಾಗಿ ಒದ್ದೆ ಬಟ್ಟೆ ಮೈಯ ಶಾಖವನ್ನು ಕಸಿಯುತ್ತದೆ. ಒಮ್ಮೆ ನೆನೆದರೆ ದಿನವಿಡೀ ಆರದ ಹತ್ತಿಬಟ್ಟೆಯನ್ನು ಬಿಟ್ಟು ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯ ಉಡುಪು, ಮೇಲೊಂದು ರೇನ್‌ಕೋಟ್, ಚೀಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಂದು ಜೊತೆ ಒಣ ಕಾಲುಚೀಲ ಇರಲಿ. ಕೆಸರಿನ ಹಾದಿಗೆ ಮೊಣಕಾಲುದ್ದದ ರಬ್ಬರ್ ಬೂಟುಗಳಷ್ಟು ಒಗ್ಗುವ ಪಾದರಕ್ಷೆ ಬೇರೊಂದಿಲ್ಲ. ಯಾವುದನ್ನೇ ಧರಿಸಿದರೂ ಅಟ್ಟೆಯ ಮಣ್ಣನ್ನು ಉಜ್ಜಿ ತೊಳೆದು, ಒಣಗಿಸಿಯೇ ಕಾಡಿಗೆ ಕಾಲಿಡಬೇಕು. ಕೋಸ್ಟರೀಕಾದ ಮಾಂಟೆವರ್ಡೆಯಲ್ಲಿ ಮಾತ್ರವಿದ್ದ ಹೊನ್ನಿನ ಬಣ್ಣದ ನೆಲಗಪ್ಪೆ 1989ರ ನಂತರ ಯಾರಿಗೂ ಕಂಡಿಲ್ಲ. ಅದರ ಅಳಿವಿಗೆ ಹವಾಮಾನದ ಏರುಪೇರಿನ ಜೊತೆಗೆ ಕೈಟ್ರಿಡ್ ಎಂಬ ಶಿಲೀಂಧ್ರವೂ ಕಾರಣವಿರಬಹುದೆಂದು ವಿಜ್ಞಾನಿಗಳು ಶಂಕಿಸಿದ್ದಾರೆ. ಕಪ್ಪೆಗಳ ಚರ್ಮಕ್ಕೆ ತಗಲುವ ಈ ಶಿಲೀಂಧ್ರ ಒದ್ದೆ ಮಣ್ಣಿನ ಜೊತೆ ಬೂಟಿಗಂಟಿ ಒಂದು ಕಾಡಿನಿಂದ ಇನ್ನೊಂದಕ್ಕೆ ಸಾಗಬಲ್ಲದು.

ನಡೆಯುವಾಗ ಗೈಡನ್ನು ದಾಟಿ ಮುಂದೆ ಹೋಗಬೇಡಿ. ಒದ್ದೆ ಬೇರಿನ ಮೇಲೆ ಕಾಲಿಡದೆ ಬೇರುಗಳ ನಡುವಿನ ನೆಲದಲ್ಲಿ ಇಡೀ ಪಾದ ಊರಿ ನಡೆಯಬೇಕು. ಜಾರಿದಾಗ ಪಕ್ಕದ ಕೊಂಬೆಯನ್ನು ಹಿಡಿಯಲು ಕೈ ತಾನಾಗಿ ಚಾಚುತ್ತದೆ. ಆ ಅಭ್ಯಾಸವನ್ನು ತಡೆಯಲು ಊರುಗೋಲು ನೆರವಾಗುತ್ತದೆ. ಮಧ್ಯ ಅಮೆರಿಕದ ಕಾಡುಗಳಲ್ಲಿ ಕಣ್ಣಿನ ಮೇಲೆ ರೆಪ್ಪೆಗೂದಲಿನಂತಹ ಹುರುಪೆಗಳಿರುವ ಪುಟ್ಟ ವಿಷದ ಹಾವು ಇಂಥ ಕೊಂಬೆಗಳ ಮೇಲೆಯೇ ಅಲುಗಾಡದೆ ಸುತ್ತಿಕೊಂಡಿರುತ್ತದೆ.

ಇನ್ನು ನೋಡುವ ಬಗೆ. ಕೈಗೆಟುಕುವ ಎತ್ತರದಲ್ಲಿರುವ ಒಂದೇ ಕೊಂಬೆಯನ್ನು ಆರಿಸಿಕೊಂಡು ಹತ್ತು ನಿಮಿಷ ನಿಲ್ಲಿ. ತೋಳಿನಷ್ಟು ದಪ್ಪ ಕಾಣುವ ಕೊಂಬೆಯ ಒಳಗಿನ ಕಟ್ಟಿಗೆ ಹೆಬ್ಬೆರಳಿನಷ್ಟೇ ಇರಬಹುದು, ಮಿಕ್ಕಿದ್ದೆಲ್ಲ ಹಾವಸೆ, ಜರೀಗಿಡ, ಅಕ್ಕಿಕಾಳಿನಷ್ಟು ಚಿಕ್ಕ ಹೂವಿನ ಸೀತಾಳೆ, ಅವುಗಳಡಿಯಲ್ಲಿ ಕೊಳೆತೆಲೆಗಳಿಂದಾದ ಕಪ್ಪು ಮಣ್ಣು. ನೆಲದಿಂದ ಹತ್ತಾರು ಮೀಟರ್ ಮೇಲೆ ಹೀಗೆ ಕೂಡಿಟ್ಟ ಮಣ್ಣಿಗೆ ಮರವೇ ತನ್ನ ಕೊಂಬೆಗಳಿಂದ ಬೇರಿಳಿಸಿ ಸಾರ ಹೀರುತ್ತದೆಂಬುದನ್ನು ಪರಿಸರ ವಿಜ್ಞಾನಿ ನಳಿನಿ ನಾಡಕರ್ಣಿಯವರು 1981ರಲ್ಲಿ ವರದಿ ಮಾಡಿದರು. ಅಮೆರಿಕ ಖಂಡದ ಕಾಡುಗಳಲ್ಲಾದರೆ ಅನಾನಸಿನ ಕುಟುಂಬಕ್ಕೆ ಸೇರಿದ ಬ್ರೊಮೀಲಿಯಾಡ್ ಗಿಡದ ಎಲೆಬುಡದಲ್ಲಿ ನಿಂತ ನೀರಿನೊಳಗೆ ಇಣುಕಿ, ಆದರೆ ಬೆರಳು ಅದ್ದಬೇಡಿ. ಅಲ್ಲಿ ಸೊಳ್ಳೆಮರಿಗಳೂ ಕೆಲವೊಮ್ಮೆ ಗೊದಮೊಟ್ಟೆಗಳೂ ಇರುತ್ತವೆ.

ಮಧ್ಯ ಅಮೆರಿಕದ ಮೇಘಾರಣ್ಯಗಳ ಕ್ವೆಟ್ಜಾಲ್ ಹಕ್ಕಿಯನ್ನು ನೋಡಲೆಂದೇ ಬಂದವರು ಹಕ್ಕಿಗಿಂತ ಮೊದಲು ಕಾಡುಬೆಣ್ಣೆಹಣ್ಣಿನ ಮರವನ್ನು ತೋರಿಸುವಂತೆ ಗೈಡನ್ನು ಕೇಳಬೇಕು. ಹಣ್ಣನ್ನು ಇಡಿಯಾಗಿ ನುಂಗಿ ಆಮೇಲೆ ಬೀಜವನ್ನು ಕಕ್ಕುವ ಈ ಹಕ್ಕಿ ಬಹಳ ಹೊತ್ತು ಅಲುಗದೆ ಕೂರುತ್ತದೆ, ಅದರ ಹಸಿರು ಬೆನ್ನು ಒದ್ದೆಲೆಗಳಲ್ಲಿ ಬೆರೆತುಹೋಗುತ್ತದೆ. ಹಣ್ಣಿರುವ ಮರದಡಿ ಕಾದವರಿಗೆ ಕಂಡಷ್ಟು, ಹಾದಿಯುದ್ದಕ್ಕೂ ಹುಡುಕಿದವರಿಗೆ ಅದು ಕಾಣುವುದಿಲ್ಲ.

ಬಿರುಗಾಳಿ ಎದ್ದಾಗ ನೀರು ಹೀರಿ ಭಾರವಾದ ಕೊಂಬೆಗಳು ಮುರಿದು ಬೀಳುವುದರಿಂದ, ಹಿಂತಿರುಗೋಣವೆಂದು ಗೈಡ್ ಹೇಳಿದರೆ ಚೌಕಾಸಿ ಮಾಡದೆ ಹೊರಡಿ. ವಸತಿಗೆ ಬಂದೊಡನೆ ಬೈನಾಕ್ಯುಲರ್ ಮತ್ತು ಕ್ಯಾಮೆರಾಗಳನ್ನು ಒರೆಸಿ ಗಾಳಿಯಾಡುವಲ್ಲಿ ಇಡಬೇಕು. ಒದ್ದೆ ಚೀಲದಲ್ಲೇ ಮುಚ್ಚಿಟ್ಟರೆ ಮಸೂರಗಳಿಗೆ ಬೂಷ್ಟು ಹಿಡಿಯುತ್ತದೆ.