ಬಣ್ಣ ಯಾವ ಬದಿಗೆ? ಬಿಂದುವನ್ನು ಕೇಳಿ

ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುತ್ತೇನೆ. ರೇಖಾತ್ಮಕ ಅಸಮತೆಗಳ (ಸಮ ಚಿಹ್ನೆಯ ಜಾಗದಲ್ಲಿ ≤, > ಥರದ ಚಿಹ್ನೆ ಇರುವ, ನೇರ ಗೆರೆಯ ಲೆಕ್ಕಗಳ) ನಕ್ಷೆಯಲ್ಲಿ ಗೆರೆ ಎಳೆಯುವುದನ್ನು ಅವರು ತಪ್ಪುವುದಿಲ್ಲ. ಅಂಕ ಹೋಗುವುದು ಗೆರೆಯ ಯಾವ ಬದಿಗೆ ಉತ್ತರವಿದೆಯೋ ಅಲ್ಲಿ ಬಣ್ಣ ಹಚ್ಚುವಾಗ. "ಸರ, ದೊಡ್ಡದು ಅಂತ ಚಿಹ್ನೆ ಐತಿ, ಗೆರಿ ಮ್ಯಾಲೆ ಹಚ್ಚಬೇಕಲ್ರಿ?" ಎನ್ನುತ್ತಲೇ ಪೆನ್ಸಿಲ್ ಓಡಿರುತ್ತದೆ.

ನಮ್ಮ ಹೊಲದ ಲೆಕ್ಕವನ್ನೇ ಹಿಡಿಯೋಣ. ಒಬ್ಬ ರೈತರಿಗೆ 9 ಎಕರೆ ಇದೆ. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್‌ವರೆಗೂ ಹೊಲ ಬಿಡುವುದಿಲ್ಲ, ಆದ್ದರಿಂದ ಹಿಂಗಾರಿ ಜೋಳಕ್ಕೆ ಬೇರೆಯೇ ಎಕರೆ ಬೇಕು. ತೊಗರಿಯ ಎಕರೆ ತ, ಜೋಳದ್ದು ಜ ಎಂದಿಟ್ಟರೆ ತ + ಜ ≤ 9. ತೊಗರಿ ಜೋಳದ ಎರಡು ಪಟ್ಟಿಗಿಂತ ಹೆಚ್ಚಿರಬೇಕೆಂಬುದು ಮನೆಯವರ ಮಾತು: ತ − 2ಜ > 0. ತ, ಜ ಎರಡೂ ಸೊನ್ನೆಗಿಂತ ಕಡಿಮೆ ಆಗುವಂತಿಲ್ಲ.

ಮೊದಲು ಗೆರೆಗಳು. ಅಡ್ಡ ಅಕ್ಷದಲ್ಲಿ ತ, ನೇರ ಅಕ್ಷದಲ್ಲಿ ಜ, 1 ಸೆಂ.ಮೀ.ಗೆ 1 ಎಕರೆ. ಮೊದಲನೆಯದು (9, 0), (0, 9) ಮೂಲಕ. ಎರಡನೆಯದು (0, 0), (6, 3) ಮೂಲಕ. ≤ ಇದ್ದಲ್ಲಿ ಗೆರೆಯೂ ಉತ್ತರದೊಳಗೇ, ಅದಕ್ಕೆ ಅಖಂಡ ಗೆರೆ. ಬರೀ > ಇದ್ದಲ್ಲಿ ತುಂಡುಗೆರೆ. ಚೌಕಗಳು ಸಮನಾಗಿಲ್ಲದ ಅಗ್ಗದ ಗ್ರಾಫ್ ಹಾಳೆ ಕೊಳ್ಳಬೇಡಿ, ಅದರಲ್ಲಿ ಎರಡು ಗೆರೆ ಸೇರುವ ಜಾಗವೇ ಸರಿದುಹೋಗುತ್ತದೆ. ಸ್ಕೆಚ್ ಪೆನ್ನೂ ಬೇಡ, ಹಿಂದಿನ ಪುಟಕ್ಕೆ ಇಳಿಯುತ್ತದೆ. ಎಚ್‌ಬಿ ಪೆನ್ಸಿಲ್ ಸಾಕು.

ಈಗ ಬಣ್ಣ. ಗೆರೆಯ ಮೇಲಿಲ್ಲದ ಒಂದು ಬಿಂದು ಆರಿಸಿ, ಬೆಲೆ ಹಾಕಿ ನೋಡಿ. ಮೊದಲ ಅಸಮತೆಗೆ (0, 0) ಹಾಕಿದರೆ 0 ≤ 9, ನಿಜ. ಹಾಗಾದರೆ ಮೂಲಬಿಂದು ಇರುವ ಬದಿಯೇ ನಮ್ಮದು. ಇದೇ ರೂಢಿಯಲ್ಲಿ ಎರಡನೆಯದಕ್ಕೂ (0, 0) ಹಾಕಿ "0 > 0 ಸುಳ್ಳು, ಆಚೆ ಬದಿ" ಎಂದು ಬರೆಯುವವರು ಬಹಳ. ಆ ಗೆರೆ ಮೂಲಬಿಂದುವಿನ ಮೇಲೆಯೇ ಹಾದುಹೋಗಿದೆ. ಗೆರೆಯ ಮೇಲೆ ಕೂತ ಬಿಂದು ಯಾವ ಬದಿಯ ಸಾಕ್ಷಿಯನ್ನೂ ಹೇಳಲಾರದು. (1, 0) ತೆಗೆದುಕೊಳ್ಳಿ: 1 − 0 = 1, ಸೊನ್ನೆಗಿಂತ ದೊಡ್ಡದು, ನಿಜ. ಅಂದರೆ ಅಡ್ಡ ಅಕ್ಷದ ಕಡೆ, ಗೆರೆಯ ಕೆಳಗೆ.

ಚಿಹ್ನೆ "ದೊಡ್ಡದು", ಬಣ್ಣ ಕೆಳಗೆ! "ದೊಡ್ಡದು ಎಂದರೆ ಮೇಲೆ" ಎಂಬ ಅಡ್ಡದಾರಿ ಕೈಕೊಡುವುದು ಇಲ್ಲೇ. ಜ ಒಂದನ್ನೇ ಎಡಕ್ಕೆ ಉಳಿಸಬೇಕಾದರೆ −2ರಿಂದ ಭಾಗಿಸಬೇಕು, ಆಗ ಚಿಹ್ನೆ ತಿರುಗಿ ಜ < ತ/2 ಆಗುತ್ತದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಆ ತಿರುಗುವಿಕೆ ಮರೆತೇಹೋಗುತ್ತದೆ. ನನ್ನ ಮಕ್ಕಳಿಗೆ ಅಡ್ಡದಾರಿ ಹಿಡಿಯಲು ಬಿಡುವುದಿಲ್ಲ, ಪ್ರತಿ ಗೆರೆಗೂ ಬಿಂದು ಹಾಕಿಸುತ್ತೇನೆ.

ಪೂರ್ತಿ ಬಣ್ಣ ಬಳಿಯದೆ ಪ್ರತಿ ಗೆರೆಗೆ ಬೇರೆ ಓರೆಗೀಟು ಎಳೆಯಿರಿ. ತ, ಜ ಎರಡೂ ಸೊನ್ನೆಗಿಂತ ಕಡಿಮೆಯಾಗದ ಮೊದಲ ಚತುರ್ಥಕದಲ್ಲಿ (ಅಕ್ಷಗಳ ಬಲ-ಮೇಲಿನ ಕಾಲುಭಾಗದಲ್ಲಿ) ಎರಡೂ ಗೀಟು ಬಿದ್ದ ಜಾಗವೇ ಪರಿಹಾರ ಪ್ರದೇಶ.

ಕೊನೆಗೆ ತಾಳೆ. ಬಿಂದುವನ್ನು ಎಲ್ಲ ಅಸಮತೆಗಳಲ್ಲೂ ಹಾಕಬೇಕು, ಒಂದರಲ್ಲಿ ಗೆದ್ದರೆ ಸಾಲದು. (5, 2): 7 ≤ 9, 1 > 0, ಸರಿ. (4, 3): 7 ≤ 9 ಸರಿಯೇ, ಆದರೆ 4 − 6 = −2, ಸೋತಿತು. (9, 0) ಅಂಚಿನಲ್ಲಿದ್ದರೂ ಪರಿಹಾರವೇ. ಗೆರೆಗಳೆರಡೂ ಸೇರುವ (6, 3)ರಲ್ಲಿ 9 ≤ 9 ಒಪ್ಪುತ್ತದೆ, 0 > 0 ಒಪ್ಪುವುದಿಲ್ಲ. ಆ ಮೂಲೆಗೆ ಚುಕ್ಕೆ ತುಂಬಬೇಡಿ, ಖಾಲಿ ವೃತ್ತ ಬಿಡಿಸಿ.