ಕ್ಲಿಕ್ ಇಲ್ಲದೆ ಹಾಡಿಸಿ, ಬೀಟ್ ಆಮೇಲೆ ಕಟ್ಟಿದ್ದು

ಜಾನಪದ ಹಾಡುಗಾರರ ಜೊತೆ ರ‍್ಯಾಪ್ ಟ್ರ್ಯಾಕ್ ಮಾಡುವಾಗ ಬೀಟ್ ಮೊದಲು ಕಟ್ಟಿ, ಹೆಡ್‌ಫೋನ್ ಹಾಕಿಸಿ, ಕ್ಲಿಕ್‌ಗೆ, ಅಂದರೆ ಲಯ ತೋರಿಸುವ ಟಿಕ್ ಟಿಕ್ ಸದ್ದಿಗೆ, ಹಾಡಿಸುವುದು ರೂಢಿ. ಹಾಡು, ತಮಟೆ ಮೊದಲು, ಬೀಟ್ ಆಮೇಲೆ, ರ‍್ಯಾಪ್ ಕೊನೆಗೆ ಅಂತ ನಾನು ಹೊರಟಾಗ ‘ಗ್ರಿಡ್‌ಗೆ (ಸಾಫ್ಟ್‌ವೇರಿನ ತಾಳದ ಗೆರೆಗಳಿಗೆ) ಕೂರೋದೇ ಇಲ್ಲ’ ಅಂದವರೇ ಜಾಸ್ತಿ. ಮೂರು ಟ್ರ್ಯಾಕ್ ಹೀಗೇ ಮುಗಿಸಿದ್ದೇನೆ, ಮೂರೂ ಕೂತಿವೆ. ರ‍್ಯಾಪರ್ ಹನುಮಾನ್‌ಕೈಂಡ್ 2025ರ ‘ರನ್ ಇಟ್ ಅಪ್’ನಲ್ಲಿ ಚೆಂಡೆಯನ್ನು ಮುಂದಿಟ್ಟ ಮೇಲೆ ಚರ್ಮವಾದ್ಯ ಅಂದರೆ ಮೂಗು ಮುರಿಯುವವರು ಕಡಿಮೆ ಆಗಿದ್ದಾರೆ.

ಕ್ಲಿಕ್ ಯಾಕೆ ಕೆಡಿಸುತ್ತೆ ಅಂದರೆ, ಹಾಡುವವರು ಉಸಿರು ತೆಗೆಯುವುದು ತಮಟೆಯ ಪೆಟ್ಟು ನೋಡಿಕೊಂಡು. ಕಿವಿಯಲ್ಲಿ ಟಿಕ್ ಟಿಕ್ ಕೂತರೆ ಸಾಲಿನ ಕೊನೆ ಎಳೆಯುವುದನ್ನೇ ಬಿಡುತ್ತಾರೆ. ಗಂಟೆಗೆ 800ರ ಸ್ಟುಡಿಯೋದಲ್ಲಿ ಐದು ಗಂಟೆ ಹೀಗೆ ಹೋಯಿತು, ಉಳಿಸಿಕೊಳ್ಳುವಂಥ ಟೇಕ್ ಒಂದೂ ಇಲ್ಲ. ಎರಡನೇ ಸಲ ಕ್ಲಿಕ್ ಇಲ್ಲದೆ ಹಾಡಿಸಿ ಆಮೇಲೆ ಗ್ರಿಡ್‌ಗೆ ಕೂರಿಸಲು ಆಡಿಯೋ ಎಳೆದು ಕುಗ್ಗಿಸಿ ಸ್ಟ್ರೆಚ್ ಮಾಡಿದೆ. ತಮಟೆಯ ‘ಟಣ್’ ಹೋಗಿ ‘ಫ್ಲಪ್’ ಉಳಿಯಿತು. ಸ್ಟ್ರೆಚ್ ಮಾಡಿದರೆ ಮೊದಲು ಸಾಯುವುದು ಪೆಟ್ಟಿನ ಮೊನೆಯೇ.

ಈಗ ಮಾಡುವುದು ಇಷ್ಟು. ಹಾಡುಗಾರರು, ತಮಟೆ ಒಂದೇ ಜಾಗದಲ್ಲಿ, ನಡುವೆ ಹತ್ತು ಹನ್ನೆರಡು ಅಡಿ. ಎರಡಕ್ಕೂ ಎಸ್‌ಎಂ58 ಮೈಕ್, ತಮಟೆಗೆ ಐದಡಿ ದೂರ, ಹಾಡಿಗೆ ಒಂದು ಗೇಣು. 48 ಕಿಲೋಹರ್ಟ್ಸ್, 24 ಬಿಟ್, ಪೀಕ್ (ಅತಿ ಜೋರಿನ ಮಟ್ಟ) ಮೈನಸ್ ಹತ್ತು ಡೆಸಿಬೆಲ್ ಆಸುಪಾಸು. ಚರ್ಮದ ತಮಟೆ ಕಾಯಿಸಿದ ಮೇಲೆ ಹತ್ತು ಹದಿನೈದು ನಿಮಿಷಕ್ಕೆ ಸ್ವರ ಇಳಿಯುತ್ತೆ, ಮಳೆಗಾಲದಲ್ಲಿ ಇನ್ನೂ ಬೇಗ. ಹಾಗಾಗಿ ಪ್ರತಿ ಟೇಕಿಗೂ ಮುಂಚೆ ಕಾಯಿಸಲೇಬೇಕು. ಹುಲ್ಲಿನ ಬೆಂಕಿಗೆ ಜಾಗ ಇಲ್ಲದ ಸ್ಟುಡಿಯೋ ಈ ಕೆಲಸಕ್ಕೆ ಆಗಿಬರಲ್ಲ.

ಆಮೇಲೆ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಮೊದಲು ಟೈಮ್‌ಬೇಸನ್ನು ‘ಟೈಮ್’ಗೆ ಹಾಕಿ. ಮರೆತರೆ ಟೆಂಪೋ (ವೇಗದ) ಮಾರ್ಕರ್ ಇಟ್ಟಂತೆಲ್ಲ ಆಡಿಯೋ ಜಾರುತ್ತಾ ಹೋಗುತ್ತೆ. ಆವರ್ತನದ ಮೊದಲ ಪೆಟ್ಟಿಗೆ ಮಾರ್ಕರ್, ಎರಡು ಬಾರ್‌ಗೆ ಒಂದು. ನಾಲ್ಕಕ್ಕೆ ಒಂದು ಇಟ್ಟರೆ ನಡುವೆ ಬೀಟಿನ ಕಿಕ್ ಡ್ರಮ್ಮೂ ತಮಟೆಯೂ ಎರಡಾಗಿ ಕೇಳುತ್ತವೆ. ಒಂದು ಹಾಡು ನಿಮಿಷಕ್ಕೆ 96 ಬೀಟಿನಲ್ಲಿ ಶುರುವಾಗಿ 104ಕ್ಕೆ ಮುಗಿದಿತ್ತು, ಬೀಟೂ ಅದರ ಜೊತೆಗೇ ಏರಿತು. ಬೀಟ್ ಕಟ್ಟುವ ಪ್ರೊಡ್ಯೂಸರ್‌ಗೆ ಸ್ಟೆಮ್ (ಬಿಡಿಬಿಡಿ ಟ್ರ್ಯಾಕ್‌ಗಳ ಫೈಲು) ಕಳಿಸುವಾಗ ಎಲ್ಲವೂ ಸೊನ್ನೆಯಿಂದ ಶುರುವಾಗಲಿ, ಜೊತೆಗೆ ಟೆಂಪೋ ಮ್ಯಾಪಿನ ಮಿಡಿ ಫೈಲೂ ಹೋಗಲಿ. ಇಲ್ಲದಿದ್ದರೆ ಅವರು 100 ಅಂತ ಹಾಕಿಕೊಂಡು ಕೂರುತ್ತಾರೆ.

808, ಅಂದರೆ ಬೀಟಿನ ಎಲೆಕ್ಟ್ರಾನಿಕ್ ಬಾಸ್, ಹಾಡುಗಾರರ ಶ್ರುತಿಗೆ ಸೇರಬೇಕು. ಹಾರ್ಮೋನಿಯಂನ ಕಪ್ಪು ಎರಡು ಶ್ರುತಿಯಾದರೆ 808ರಲ್ಲಿ ಸುಮಾರು 39 ಹರ್ಟ್ಸ್, ಫೋನಿನಲ್ಲಿ ಕೇಳುವುದೇ ಇಲ್ಲ. ಸ್ಯಾಚುರೇಶನ್ (ಹದವಾದ ಡಿಸ್ಟಾರ್ಶನ್) ಹಾಕಿ ಅದರ ಎರಡರಷ್ಟು, ಮೂರರಷ್ಟು, ಅಂದರೆ 78, 117 ಹರ್ಟ್ಸ್ ಎಬ್ಬಿಸಿ. ಹುರುಪು ಏರಿದಂತೆ ಶ್ರುತಿಯೂ ಮೇಲೇರುತ್ತೆ, ಚರಣ ಚರಣಕ್ಕೂ 808ನ್ನು ಸೆಂಟ್ಸ್ (ಅರ್ಧ ಸ್ವರದ ನೂರನೇ ಒಂದು ಭಾಗ) ಲೆಕ್ಕದಲ್ಲಿ ಎತ್ತಬೇಕು. ಎಷ್ಟು ಎತ್ತಬೇಕು ಅಂತ ಹಿಡಿಯುವ ದಾರಿ ಒಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. 808 ಬದಲು ಡೊಳ್ಳಿನ ಒಂಟಿ ಪೆಟ್ಟುಗಳನ್ನೂ ಹಾಕಿ ನೋಡಿದೆ. ಹೊಡೆತ ಚೆನ್ನ, ಸ್ವರ ನಿಲ್ಲಲ್ಲ. ಹುಕ್‌ಗೆ (ಮತ್ತೆ ಮತ್ತೆ ಬರುವ ಪಲ್ಲವಿಗೆ) ಸಾಕು, ವರ್ಸ್‌ಗೆ ಬೇಡ.

ರ‍್ಯಾಪ್ ಬರೆಯುವವರು ಎಡವುವುದು ಮಾತ್ರೆಯಲ್ಲಿ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆಯಲ್ಲಿ. ಹಾಡು ಮೂರರ ನಡೆಯಲ್ಲಿದ್ದರೆ ‘ಮಳೆಯ ನೀರು ಕಟ್ಟೆ ಮೇಲೆ’ ಸಲೀಸಾಗಿ ಕೂರುತ್ತೆ, ಪ್ರತಿ ಪದವೂ ಮೂರು ಮಾತ್ರೆ. ‘ಬೆಟ್ಟದ ಮೇಲಿನ’ ನಾಲ್ಕು ನಾಲ್ಕು, ಎರಡನೇ ಪದಕ್ಕೇ ಕಾಲು ತಪ್ಪುತ್ತೆ. ಬಾಯಿ ಎಷ್ಟೇ ಚುರುಕಿದ್ದರೂ ಒತ್ತಕ್ಷರದ ಹಿಂದಿನ ಅಕ್ಷರ ತನ್ನ ಎರಡು ಮಾತ್ರೆ ಬಿಡಲ್ಲ. ಬರೆದದ್ದನ್ನು ತಮಟೆ ಟ್ರ್ಯಾಕ್ ಒಂದನ್ನೇ ಹಾಕಿಕೊಂಡು ಓದಿ ನೋಡಿ, ಆಮೇಲೆ ಮೈಕ್ ಮುಂದೆ ನಿಲ್ಲಿ.

ಖರ್ಚು ನೆನಪಿದ್ದಷ್ಟು: ಹಾಡುಗಾರರಿಗೆ 6,000, ತಮಟೆಯ ಇಬ್ಬರಿಗೆ 5,000, ಓಡಾಟ ಊಟ ಸೇರಿ 3,000, ಮಿಕ್ಸ್ ಮಾಸ್ಟರ್ 7,000. ಒಟ್ಟು 21,000ದ ಹತ್ತಿರ. ಪಾಲು ಹಂಚಿಕೆಯ ಕಾಗದಕ್ಕೆ ರೆಕಾರ್ಡಿಂಗ್ ದಿನವೇ ಸಹಿ ಹಾಕಿಸುತ್ತೇನೆ, ಹಾಡುಗಾರರ ಹೆಸರು ನನ್ನ ಹೆಸರಿನ ಪಕ್ಕದಲ್ಲೇ, ಫೀಚರಿಂಗ್ ಅಂತ ಬಾಲದಲ್ಲಲ್ಲ. ಮುಂದಿನದು ಚೌಡಿಕೆ ಜೊತೆ. ತಂತಿ ಮಿಡಿದಾಗ ಮೇಲೇರುವ ಸ್ವರಕ್ಕೆ ಮೈಕ್ ಎಲ್ಲಿಡಬೇಕು ಅಂತ ಈಗ ನೋಡುತ್ತಿದ್ದೇನೆ.